ಮನೆಯಲ್ಲೇ ಇದ್ದಾನೆ, ಆದ್ರೂ ಡ್ಯೂಟಿಯಲ್ಲಿದ್ದಾನೆ: ಓದುಗರ ಪ್ರಶ್ನೆ, ಪೈಲಟ್ ಅಕ್ಕನ ಉತ್ತರ

ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಬರೆಯುವಾಗ ‘ಈ ತಿಂಗಳು ನನಗೆ ಸ್ಟ್ಯಾಂಡ್‌ಬೈ ಜಾಸ್ತಿ’ ಅಂತ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲಿನ ಬಗ್ಗೆಯೇ ಇವೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಬಂದಿವೆ. ನಮ್ಮ ಕಡೆಯ ಇಷ್ಟೊಂದು ಮನೆಗಳಲ್ಲಿ ಪೈಲಟ್‌ಗಳಿದ್ದಾರೆ, ಆಗಬೇಕು ಅಂದುಕೊಂಡವರಿದ್ದಾರೆ ಅಂತ ನನಗೂ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ, ಇದೊಂದೇ: ಸ್ಟ್ಯಾಂಡ್‌ಬೈ, ಅಂದರೆ ಕರೆದರೆ ಹೊರಡೋಕೆ ತಯಾರಾಗಿ ಕಾಯುವ ಡ್ಯೂಟಿ.

ನಮಸ್ಕಾರ್ರೀ ಅಕ್ಕಾ. ನನ್ನ ಮಗ ದೆಹಲಿಯಲ್ಲಿ ಪೈಲಟ್, ಫಾರಿನ್ನಿಗೆ ಹೋಗುವ ವಿಮಾನ. ತಂಗಿಯ ಕುಬಸಕ್ಕೆ ಬಾರಪ್ಪ ಅಂದ್ರೆ ‘ಸ್ಟ್ಯಾಂಡ್‌ಬೈ ಇದೆ ಅವ್ವಾ, ಬರೋಕೆ ಆಗಲ್ಲ’ ಅಂದ. ಅವತ್ತು ಮಧ್ಯಾಹ್ನ ಫೋನ್ ಮಾಡಿದ್ರೆ ಮನೆಯಲ್ಲೇ ಮಲಗಿದ್ದ! ಮಲಗೋದೂ ಒಂದು ಡ್ಯೂಟಿನಾ? ನಮ್ಮವರೆಲ್ಲ ‘ನಿಮ್ಮ ಮಗನಿಗೆ ಬರೋ ಮನಸ್ಸಿಲ್ಲ’ ಅಂತಿದ್ದಾರೆ.
— ಒಬ್ಬ ತಾಯಿ, ಸೇಡಂ

ಅವ್ವಾ, ಹೌದು, ಅವತ್ತು ಮಲಗೋದೇ ಅವನ ಡ್ಯೂಟಿ. ನಿಮ್ಮ ಮಗ ಸುಳ್ಳು ಹೇಳಿಲ್ಲ. ಮಾತಾಡಿದ ನೆಂಟರಿಗೆ ಈ ಪುಟ ಓದಿ ಹೇಳಿ.

ತಿಂಗಳ ಕೊನೆಗೆ ನಮಗೆ ಮುಂದಿನ ತಿಂಗಳ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ, ಬರುತ್ತದೆ. ಅದರಲ್ಲಿ ಕೆಲವು ದಿನದ ಮುಂದೆ ಲಂಡನ್, ಫ್ರಾಂಕ್‌ಫರ್ಟ್ ಅಂತ ಊರಿನ ಹೆಸರಿರುತ್ತದೆ, ಕೆಲವು ದಿನ ರಜೆ, ಇನ್ನು ಕೆಲವು ದಿನದ ಮುಂದೆ ಬರೀ ಸ್ಟ್ಯಾಂಡ್‌ಬೈ ಅಂತ ಬರೆದು ಒಂದು ಸಮಯ ಕೊಟ್ಟಿರುತ್ತಾರೆ. ಆ ಹೊತ್ತಿನಲ್ಲಿ ಫೋನ್ ಬಂದರೆ ಎತ್ತಬೇಕು, ಹೇಳಿದಷ್ಟು ಹೊತ್ತಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿರಬೇಕು. ಎಲ್ಲಿಗೆ ಅಂತ ಫೋನ್ ಬರುವವರೆಗೆ ಗೊತ್ತಿರಲ್ಲ. ಜನವರಿಯಲ್ಲಿ ಟೊರೊಂಟೊ ಆದರೆ ಹಿಮ, ಸಿಂಗಾಪುರ ಆದರೆ ಸೆಕೆ. ಅದಕ್ಕೇ ನಮ್ಮ ಸೂಟ್‌ಕೇಸಿನಲ್ಲಿ ಸ್ವೆಟರೂ ಇರುತ್ತದೆ, ತೆಳುವಾದ ಅಂಗಿಯೂ ಇರುತ್ತದೆ. ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್ ಒಂದೇ ಚೀಲದಲ್ಲಿ. ಅಮೆರಿಕಕ್ಕೆ ಹೋಗಬೇಕಾದರೆ ಅಲ್ಲಿನ ಸಿಬ್ಬಂದಿ ವೀಸಾ ಬೇಕು, ಅದು ಮುಗಿದಿದ್ದರೆ ಆ ಪೈಲಟ್‌ನನ್ನು ಆ ವಿಮಾನಕ್ಕೆ ಕಳಿಸೋ ಹಾಗೇ ಇಲ್ಲ. ಸ್ಟ್ಯಾಂಡ್‌ಬೈ ಇರೋದು ಬರೀ ಮನುಷ್ಯನಲ್ಲ, ಅವನ ಕಾಗದಪತ್ರಗಳೂ ತಯಾರಿರಬೇಕು.

ಯಾಕೆ ಕರೀತಾರೆ ಅಂತ ಕೇಳಿದರೆ, ಕಾರಣ ಬೇಕಾದಷ್ಟು. ಹೋಗಬೇಕಾದ ಪೈಲಟ್‌ಗೆ ಜ್ವರ ಬಂದಿರಬಹುದು. ದೆಹಲಿಯಲ್ಲಿ ಡಿಸೆಂಬರ್, ಜನವರಿಯ ಮಂಜಿನಿಂದ ವಿಮಾನ ಗಂಟೆಗಟ್ಟಲೆ ನಿಂತಿರಬಹುದು. ಎರಡನೆಯ ಕಾರಣ ಹೊರಗಿನವರಿಗೆ ಸುಲಭಕ್ಕೆ ಅರ್ಥ ಆಗಲ್ಲ. ಪೈಲಟ್ ಒಂದು ದಿನಕ್ಕೆ ಎಷ್ಟು ಹೊತ್ತು ಕೆಲಸದಲ್ಲಿ ಇರಬಹುದು ಅಂತ ಕಾನೂನಿನ ಮಿತಿ ಇದೆ. ಅವನು ಕೆಲಸಕ್ಕೆ ಹಾಜರಾದ ಗಳಿಗೆಯಿಂದ ಗಡಿಯಾರ ಓಡುತ್ತದೆ, ವಿಮಾನ ನೆಲದ ಮೇಲೇ ನಿಂತಿದ್ದರೂ ಓಡುತ್ತದೆ. ಮಂಜು ಕರಗುವ ಹೊತ್ತಿಗೆ ಅವನ ಸಮಯ ಲಂಡನ್ ಮುಟ್ಟುವಷ್ಟು ಉಳಿದಿರಲ್ಲ. ಆಗ ಇನ್ನೂರು, ಮುನ್ನೂರು ಜನ ಸೀಟಿನಲ್ಲಿ ಕೂತಿರುತ್ತಾರೆ, ನಿಮ್ಮ ಮಗನ ಫೋನು ಹೊಡೆದುಕೊಳ್ಳುತ್ತದೆ.

ನಮ್ಮ ದೇಶದಿಂದ ಯೂರೋಪು, ಅಮೆರಿಕಕ್ಕೆ ಹೋಗುವ ಎಷ್ಟೋ ವಿಮಾನ ಹೊರಡೋದು ರಾತ್ರಿ ಒಂದು, ಎರಡು, ಮೂರು ಗಂಟೆಗೆ. ಮಧ್ಯಾಹ್ನ ಮಲಗದೆ ಆ ಹೊತ್ತಿಗೆ ಹೋಗಿ ಕೂರೋದು ಅಪಾಯ. ಹಾಗಾಗಿ ಒಂದು ಮಾತು: ಅವನ ರೋಸ್ಟರ್ ಬಂದ ಕೂಡಲೇ ಒಂದು ಪ್ರತಿ ನಿಮ್ಮ ಫೋನಿಗೆ ಕಳಿಸಲು ಹೇಳಿ. ಸ್ಟ್ಯಾಂಡ್‌ಬೈ ದಿನ ನೀವಾಗಿ ಫೋನ್ ಮಾಡಬೇಡಿ. ಅವನು ಎದ್ದಾಗ ಮಾಡ್ತಾನೆ. ನಿಮ್ಮ ಫೋನ್ ಬಂದರೂ ಆಫೀಸಿನ ಫೋನೇ ಅಂತ ಎದ್ದು ಕೂರ್ತಾನೆ ಪಾಪ, ಆಮೇಲೆ ನಿದ್ದೆ ಹತ್ತಲ್ಲ.

ಮತ್ತೆ ಕುಬಸದಂಥ ಕಾರ್ಯದ ದಿನ ಮೊದಲೇ ಗೊತ್ತಿದ್ದರೆ ರೋಸ್ಟರ್ ಮಾಡುವ ಮುಂಚೆಯೇ ರಜೆ ಕೇಳಬೇಕು. ರೋಸ್ಟರ್ ಬಂದ ಮೇಲೆ ಕೇಳಿದರೆ ಸಿಗೋದು ಕಷ್ಟ. ಇದನ್ನು ಮಗನಿಗಿಂತ ಜಾಸ್ತಿ ಪುರೋಹಿತರಿಗೆ ಹೇಳಬೇಕೇನೋ, ಮುಹೂರ್ತ ಸ್ವಲ್ಪ ಬೇಗ ತೆಗೆಯಿರಿ ಅಂತ.

ನಾನು ಬಸ್ ಡ್ರೈವರ್ ಆಗಿ ರಿಟೈರ್ ಆದವನು. ನಮ್ಮ ಡಿಪೋದಲ್ಲೂ ಯಾರಾದರೂ ಬರದಿದ್ದರೆ ಕಳಿಸೋಕೆ ಅಂತ ಒಂದಿಬ್ಬರನ್ನು ಕೂರಿಸುತ್ತಿದ್ದರು. ಬೆಳಗ್ಗೆಯಿಂದ ಕೂತು ಕೂತು ಸುಸ್ತಾಗಿ, ಸಂಜೆಗೆ ರಾತ್ರಿ ಗಾಡಿ ಹತ್ತು ಅಂದಾಗ ಕಣ್ಣು ಎಳೀತಿತ್ತು. ನಿಮ್ಮಲ್ಲಿ ಅದಕ್ಕೇನು ವ್ಯವಸ್ಥೆ ತಂಗಿ?
— ನಿವೃತ್ತ ಚಾಲಕರು, ಕಲಬುರಗಿ

ಅಣ್ಣಾ, ನೀವು ಕೈ ಇಟ್ಟಿದ್ದು ಸರಿಯಾದ ಜಾಗಕ್ಕೆ. ಈ ಕೆಲಸದಲ್ಲಿ ದೊಡ್ಡ ಜಗಳ ಇರೋದೇ ಇದರ ಮೇಲೆ.

ಮೊದಲು ಒಂದು ವ್ಯತ್ಯಾಸ ಹೇಳ್ತೀನಿ. ನೀವು ಡಿಪೋದ ಯಾವ ಬಸ್ಸಾದರೂ ಹತ್ತಬಹುದಿತ್ತು. ನಾವು ಹಾಗಲ್ಲ. ಬೋಯಿಂಗ್ 777 ಓಡಿಸುವ ಪೈಲಟ್‌ನನ್ನು ಏರ್‌ಬಸ್ 320ಕ್ಕೆ ಹತ್ತು ಅನ್ನೋ ಹಾಗಿಲ್ಲ, ಅದಕ್ಕೆ ಬೇರೆ ತರಬೇತಿ, ಬೇರೆ ಪರವಾನಗಿ. ಕ್ಯಾಪ್ಟನ್ ಬದಲಿಗೆ ಕ್ಯಾಪ್ಟನ್ನೇ ಬರಬೇಕು. ಹಾಗಾಗಿ ಪ್ರತಿ ಜಾತಿಯ ವಿಮಾನಕ್ಕೂ, ಪ್ರತಿ ಊರಿನ ಬೇಸ್‌ಗೂ, ಅಂದರೆ ಪೈಲಟ್ ಡ್ಯೂಟಿ ಶುರು ಮಾಡುವ ನಿಲ್ದಾಣಕ್ಕೂ, ಬೇರೆ ಬೇರೆ ಸ್ಟ್ಯಾಂಡ್‌ಬೈ ಜನ ಬೇಕು. ಕಂಪನಿಗೆ ಇದು ಖರ್ಚು. ಕಾಯುವವರನ್ನು ಕಡಿಮೆ ಮಾಡಿದರೆ ಲೆಕ್ಕದ ಪುಸ್ತಕದಲ್ಲಿ ದುಡ್ಡು ಉಳಿದ ಹಾಗೆ ಕಾಣುತ್ತದೆ. ಒಂದು ದಿನ ಎಲ್ಲ ಒಟ್ಟಿಗೆ ಕೈಕೊಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ.

2025ರ ಡಿಸೆಂಬರ್‌ನಲ್ಲಿ ಅದನ್ನೇ ಎಲ್ಲರೂ ನೋಡಿದ್ದೇವಲ್ಲ. ನಮ್ಮ ದೇಶದ ವಿಮಾನಯಾನಕ್ಕೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಗಂಟೆ ಆಯಿತು. ರಾತ್ರಿ ಅಂದರೆ ಹನ್ನೆರಡರಿಂದ ಬೆಳಗ್ಗೆ ಆರರವರೆಗೆ ಅಂತ ಆಯಿತು, ರಾತ್ರಿ ಇಳಿಸುವ ವಿಮಾನಗಳ ಸಂಖ್ಯೆಗೆ ಕಡಿವಾಣ ಬಿತ್ತು. ಅದು ಜಾರಿಯಾಗಿದ್ದು ಎರಡು ಕಂತಿನಲ್ಲಿ, 2025ರ ಜುಲೈ ಮತ್ತು ನವೆಂಬರ್‌ನಲ್ಲಿ. ತಯಾರಿಗೆ ಅಷ್ಟು ಹೊತ್ತು ಸಿಕ್ಕಿತ್ತು. ಆದರೂ ಎರಡನೆಯ ಕಂತು ಜಾರಿಯಾದ ಮುಂದಿನ ತಿಂಗಳೇ ದೇಶದ ದೊಡ್ಡ ಕಂಪನಿಯ ಸಾವಿರಾರು ಹಾರಾಟ ರದ್ದಾದವು, ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನಿಲ್ದಾಣದ ನೆಲದ ಮೇಲೆ ಮಲಗಿದರು. ನಿಯಮ ಬಿಗಿಯಾಗಿದ್ದಕ್ಕೇ ಹೀಗಾಯಿತು ಅಂತ ಆಗ ಕೆಲವರು ಬರೆದರು. ನಾನು ಒಪ್ಪಲ್ಲ. ನಿಯಮಕ್ಕೆ ತಕ್ಕಷ್ಟು ಜನ ಇರಲಿಲ್ಲ, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಕಾದ ಹೊತ್ತೂ ದಣಿವೇ ಅಂತ ಕಾನೂನು ಒಪ್ಪಿಕೊಂಡಿದೆ, ಆದರೆ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದಲ್ಲಿ ಮನೆಯಲ್ಲಿ ಕಾಯಿಸೋದು ಒಂದು ಸಲಕ್ಕೆ 14 ಗಂಟೆ ದಾಟೋ ಹಾಗಿಲ್ಲ. ಇಬ್ಬರೇ ಪೈಲಟ್ ಇರುವ ಹಾರಾಟ ಆದರೆ ಕಾದ ಹೊತ್ತು, ಕೆಲಸದ ಹೊತ್ತು ಎರಡೂ ಸೇರಿ 16 ಗಂಟೆಯೊಳಗೇ ಇರಬೇಕು. ಅಂದರೆ ಬೆಳಗ್ಗೆಯಿಂದ ಕಾಯಿಸಿ ಸಂಜೆ ಕರೆದು ‘ಈಗ ಹನ್ನೆರಡು ಗಂಟೆಯ ಡ್ಯೂಟಿ ಮಾಡು’ ಅನ್ನೋಕೆ ಆಗಲ್ಲ. ವಿಮಾನ ನಿಲ್ದಾಣದಲ್ಲೇ ಕೂರಿಸಿದರೆ ಆ ಪೂರ್ತಿ ಹೊತ್ತು ಡ್ಯೂಟಿಯ ಲೆಕ್ಕಕ್ಕೇ ಸೇರುತ್ತದೆ. ಯೂರೋಪಿನಲ್ಲಿ ಮನೆಯ ಸ್ಟ್ಯಾಂಡ್‌ಬೈ 16 ಗಂಟೆವರೆಗೆ ಇರಬಹುದು, ಆದರೆ ಮಾಮೂಲಿ ಹಾರಾಟದಲ್ಲಿ ಆರು ಗಂಟೆ ದಾಟಿ ಕಾದಷ್ಟೂ ಮುಂದಿನ ಡ್ಯೂಟಿಯ ಮಿತಿಯಿಂದ ಕಳೀತಾ ಹೋಗ್ತಾರೆ.

ಅಮೆರಿಕದ ನಿಯಮ ಹುಟ್ಟಿದ್ದರ ಹಿಂದೆ ಹೆಣಗಳಿವೆ ಅಣ್ಣಾ. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ಹೋದರು. ವಿಮಾನದ ವೇಗ ಕುಸಿದಾಗ ಕ್ಯಾಪ್ಟನ್ ಮಾಡಬೇಕಾದ್ದರ ಉಲ್ಟಾ ಮಾಡಿದ್ದು ಮುಖ್ಯ ಕಾರಣ ಅಂತ ತನಿಖೆ ಹೇಳಿತು. ಆದರೆ ಆ ಇಬ್ಬರು ಪೈಲಟ್‌ಗಳು ಹಿಂದಿನ ರಾತ್ರಿ ಹಾಸಿಗೆ ಮೇಲೆ ಮಲಗಿರಲಿಲ್ಲ ಅನ್ನೋದೂ ಹೊರಗೆ ಬಂತು. ಸಹ ಪೈಲಟ್ ದೂರದ ಸಿಯಾಟಲ್ ಊರಿನಿಂದ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಕೂತು ಬೇಸ್‌ಗೆ ಬಂದಿದ್ದಳು. ಸತ್ತವರ ಮನೆಯವರು ಹಿಡಿದ ಹಟ ಬಿಡಲಿಲ್ಲ. 2014ರ ಜನವರಿಯಲ್ಲಿ ಹೊಸ ನಿಯಮ ಜಾರಿಗೆ ಬಂತು.

ಕಾನೂನು ಏನೇ ಹೇಳಲಿ, ನಿದ್ದೆ ಹೇಳಿದಾಗ ಬರಲ್ಲ ಅಲ್ವಾ. ರಾತ್ರಿ ಎಂಟು ತಾಸು ನಿದ್ದೆ ಮಾಡಿ ಬೆಳಗ್ಗೆ ಎದ್ದವನಿಗೆ ಮಧ್ಯಾಹ್ನ ಮತ್ತೆ ಮಲಗು ಅಂದರೆ ಮೈ ಒಪ್ಪಲ್ಲ. ರಾತ್ರಿ ಎರಡರಿಂದ ಬೆಳಗ್ಗೆ ಆರರೊಳಗೆ ಮನುಷ್ಯನ ಎಚ್ಚರ ತೀರಾ ತಳಕ್ಕೆ ಇಳಿದಿರುತ್ತದೆ, ಎಷ್ಟು ಕಾಫಿ ಕುಡಿದರೂ. ನೀವು ಹುಮನಾಬಾದ್ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸಿದವರು, ನಾನು ಹೇಳೋದೇನು. ನಮಗೆ ಒಂದು ಅನುಕೂಲ ಇದೆ: ದಣಿದಿದ್ದೇನೆ, ಹಾರಲಾರೆ ಅಂತ ಬರೆದು ಕೊಡುವ ಹಕ್ಕು. ಕಾಗದದ ಮೇಲೆ ಅದು ಚೆನ್ನಾಗಿದೆ. ನಿಜವಾಗಿ ಹಾಗೆ ಬರೆಯುವ ಧೈರ್ಯ ಹೊಸ ಪೈಲಟ್‌ಗೆ ಬರಬೇಕಾದರೆ, ಆಚೆ ಬದಿಯಲ್ಲಿ ಫೋನ್ ಹಿಡಿದವರು ‘ಸರಿ’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಕು. ಯಾಕೆ, ಏನು, ನಿನ್ನೆ ಏನ್ ಮಾಡ್ತಿದ್ದೆ ಅಂತ ಕೇಳಬಾರದು. ಕೇಳುವ ಕಡೆ ಕೇಳ್ತಾರೆ.

ಅಕ್ಕ, ನನ್ನ ನಿಶ್ಚಿತಾರ್ಥ ಆಗಿದೆ. ಹುಡುಗ ಪೈಲಟ್, ಬೇಸ್ ಹೈದರಾಬಾದ್. ಮದುವೆ ಆದ ಮೇಲೆ ಬೀದರಿನಲ್ಲೇ ಮನೆ ಮಾಡೋಣ, ಹೈದರಾಬಾದ್ ಹತ್ತಿರವೇ ಅಲ್ವಾ, ಇಲ್ಲಿಂದಲೇ ಓಡಾಡು ಅಂತ ನಮ್ಮಪ್ಪ ಹೇಳ್ತಿದ್ದಾರೆ. ಆಗುತ್ತಾ?
— ಹೆಸರು ಬೇಡ, ಬೀದರ್

ಸ್ಟ್ಯಾಂಡ್‌ಬೈ ದಿನ ಆಗಲ್ಲ ತಂಗಿ. ಬೀದರಿನಿಂದ ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಶಾಬಾದಿಗೆ ಸುಮಾರು 140 ಕಿಲೋಮೀಟರ್ ಮೇಲೆಯೇ ಇದೆ. ಜಹೀರಾಬಾದ್ ದಾಟಿ ವರ್ತುಲ ರಸ್ತೆ ಹಿಡಿದು ಹೋದರೂ ಎರಡೂವರೆ, ಮೂರು ಗಂಟೆ. ದಾರಿಯಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಮುಗೀತು. ಕರೆ ಬಂದ ಮೇಲೆ ಸಿಗೋ ಹೊತ್ತು ಕಂಪನಿಯಿಂದ ಕಂಪನಿಗೆ ಬೇರೆ, ಆದರೆ ಮನೆ ಮಾಡೋದಾದರೆ ಗಂಟೆಯೊಳಗೆ ಮುಟ್ಟುವ ಕಡೆ ಮಾಡಿ. ಇಲ್ಲಾಂದ್ರೆ ಸ್ಟ್ಯಾಂಡ್‌ಬೈ ಇರುವ ದಿನಗಳಲ್ಲಿ ಅವನು ಹೇಗೂ ಹೈದರಾಬಾದಿನಲ್ಲೇ ರೂಮು ಹಿಡಿದಿರಬೇಕಾಗುತ್ತದೆ. ಅಮೆರಿಕದಲ್ಲಿ ದೂರದ ಊರಿನಿಂದ ಓಡಾಡುವ ಪೈಲಟ್‌ಗಳು ಐದಾರು ಜನ ಸೇರಿ ನಿಲ್ದಾಣದ ಹತ್ತಿರ ಒಂದು ಫ್ಲಾಟ್ ಬಾಡಿಗೆಗೆ ಹಿಡೀತಾರೆ, ಬಂದವರು ಮಲಗ್ತಾರೆ, ಹೋಗ್ತಾರೆ. ಮದುವೆ ಆದ ಹೊಸದರಲ್ಲಿ ಗಂಡ ಹಾಗೆ ಇರಲಿ ಅಂತ ಯಾರು ಬಯಸ್ತಾರೆ?

ಅಪ್ಪನಿಗೆ ಬೇಜಾರಾಗದ ಹಾಗೆ ಹೇಳಿ. ನೀವು ಬೀದರಿನವರು, ವಾಯುಪಡೆಯ ಹಾಕ್ ವಿಮಾನಗಳ ಸದ್ದು ಕೇಳಿಕೊಂಡೇ ಬೆಳೆದಿರುತ್ತೀರಿ. ವಾಯುಪಡೆಯವರು ನಿಲ್ದಾಣದ ಪಕ್ಕದ ಕ್ಯಾಂಪಿನಲ್ಲೇ ಯಾಕೆ ಇರ್ತಾರೆ ಅಂತ ಕೇಳಿ ನೋಡಿ, ಅರ್ಥ ಮಾಡಿಕೊಳ್ತಾರೆ.

ಇನ್ನೊಂದು, ಮದುವೆಗೆ ಮುಂಚೆ ಹುಡುಗನನ್ನು ಸಂಬಳಕ್ಕಿಂತ ಮೊದಲು ಇದನ್ನು ಕೇಳಿ: ಚಿಕ್ಕ ವಿಮಾನವಾ, ದೊಡ್ಡದಾ? ಬೇಸ್ ಬದಲಾಗೋ ಸಾಧ್ಯತೆ ಇದೆಯಾ? ದೂರದ ದೇಶಗಳ ದೊಡ್ಡ ವಿಮಾನಕ್ಕೆ ಹೋದರೆ ಮುಂದೆ ದೆಹಲಿಗೋ ಮುಂಬೈಗೋ ಹೋಗಬೇಕಾಗಬಹುದು. ಆಗ ಬೀದರ್ ಬಿಡಿ, ಹೈದರಾಬಾದೂ ದೂರವೇ.

ನಾನು ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಕಲಬುರಗಿಯಲ್ಲೇ ಪೈಲಟ್ ಟ್ರೈನಿಂಗ್ ಸಿಗುತ್ತದೆ ಅಂತ ಕೇಳಿ ಸೇರಬೇಕು ಅಂದುಕೊಂಡಿದ್ದೇನೆ. ಹೊಸಬರಿಗೆ ಬರೀ ಸ್ಟ್ಯಾಂಡ್‌ಬೈ ಹಾಕ್ತಾರಂತೆ ಹೌದಾ? ಮನೆಯಲ್ಲಿ ಕೂತರೆ ಸಂಬಳ ಬರುತ್ತಾ?
— ವಿದ್ಯಾರ್ಥಿ, ಗುರುಮಠಕಲ್

ತಮ್ಮಾ, ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು, ಅಲ್ಲಿ ತರಬೇತಿ ಶಾಲೆಗಳೂ ಬಂದಿವೆ. ನಮ್ಮ ಕಾಲದಲ್ಲಿ ಇದ್ದಿದ್ದರೆ ನಮ್ಮಪ್ಪನಿಗೆ ಎಷ್ಟೋ ರೈಲು ಖರ್ಚು ಉಳೀತಿತ್ತು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ದುಡ್ಡು ಕಟ್ಟುವ ಮುಂಚೆ ಕ್ಲಾಸ್ ಒನ್ ಮೆಡಿಕಲ್, ಅಂದರೆ ಪೈಲಟ್ ಕೆಲಸಕ್ಕೆ ಬೇಕಾದ ಆರೋಗ್ಯ ತಪಾಸಣೆ, ಮಾಡಿಸಿಕೋ, ಇದನ್ನು ಪ್ರತಿ ಸಂಚಿಕೆಯಲ್ಲೂ ಬರೀತೀನಿ, ಇನ್ನೂ ಬರೀತೀನಿ.

ಹೊಸಬರಿಗೆ ಸ್ಟ್ಯಾಂಡ್‌ಬೈ ಜಾಸ್ತಿನಾ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಎಲ್ಲವೂ ಸೀನಿಯಾರಿಟಿ. ಸೇರಿದ ದಿನಾಂಕದ ಪ್ರಕಾರ ಹಿರಿಯರು ಬೇಕಾದ ಹಾರಾಟ ಆರಿಸಿಕೊಳ್ತಾರೆ, ಕೊನೆಗೆ ಉಳಿದದ್ದು, ಅಂದರೆ ರಿಸರ್ವ್ (ಸ್ಟ್ಯಾಂಡ್‌ಬೈಗೆ ಅಲ್ಲಿನ ಹೆಸರು), ಕಿರಿಯರ ಪಾಲು. ಅಲ್ಲಿ ರಿಸರ್ವ್‌ನಲ್ಲೂ ಎರಡು ಬಗೆ. ಒಂದರಲ್ಲಿ ಫೋನ್ ಬಂದ ಕೆಲವೇ ಗಂಟೆಯಲ್ಲಿ ಹಾಜರಾಗಬೇಕು. ಇನ್ನೊಂದರಲ್ಲಿ ಹತ್ತು ಗಂಟೆ ವಿಶ್ರಾಂತಿಗೆ ಜಾಗ ಬಿಟ್ಟು ಕರೀತಾರೆ. ದೂರದೇಶಕ್ಕೆ ಹೋಗುವವರಿಗೆ ಈ ಎರಡನೆಯದು ಎಷ್ಟೋ ವಾಸಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ರೋಸ್ಟರ್ ಆಫೀಸಿನವರೇ ಹಂಚುತ್ತಾರೆ, ಹಿರಿಯರಿಗೂ ಬರುತ್ತದೆ. ನನಗೂ ಬರುತ್ತದೆ.

ಸಂಬಳ ಪೂರ್ತಿ ನಿಲ್ಲಲ್ಲ. ಹಲವು ಕಡೆ ತಿಂಗಳಿಗೆ ಇಂತಿಷ್ಟು ಗಂಟೆಗೆ ಖಾತ್ರಿ ಸಂಬಳ ಇರುತ್ತದೆ, ಹಾರಿದರೂ ಅಷ್ಟೇ, ಕೂತರೂ ಅಷ್ಟೇ. ಅದರ ಮೇಲೆ ಹಾರಿದ ಗಂಟೆಗೆ ಬೇರೆ ದುಡ್ಡು, ಹೊರದೇಶದಲ್ಲಿ ಉಳಿದದ್ದಕ್ಕೆ ಬೇರೆ ಭತ್ಯೆ. ಸ್ಟ್ಯಾಂಡ್‌ಬೈನಲ್ಲಿ ಕರೆ ಬರದಿದ್ದರೆ ಈ ಮೇಲಿನದ್ದು ಹೋಗುತ್ತದೆ. ಸಾಲ ಮಾಡಿ ಓದಿದವನಿಗೆ ಕಂತು ಕಟ್ಟುವಾಗ ಅದು ದೊಡ್ಡ ವ್ಯತ್ಯಾಸ. ಅದಕ್ಕೇ ಕೆಲಸಕ್ಕೆ ಸೇರುವಾಗ ಖಾತ್ರಿ ಎಷ್ಟು ಗಂಟೆಗೆ ಅಂತ ಕೇಳು, ‘ತಿಂಗಳಿಗೆ ಇಷ್ಟು ಲಕ್ಷ ಬರಬಹುದು’ ಅನ್ನೋ ಮಾತಿಗೆ ತಲೆದೂಗಬೇಡ.

ದುಡ್ಡಿಗಿಂತ ನಿನಗೆ ಜಾಸ್ತಿ ತೊಂದರೆ ಕೊಡೋದು ಬೇರೆ ಇದೆ. ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರೋ ಹಾಗಿಲ್ಲ. ಒಳನಾಡಿನ ಪೈಲಟ್‌ಗೆ ಇದು ಲೆಕ್ಕಕ್ಕೇ ಇಲ್ಲ, ಅವನು ದಿನಕ್ಕೆ ಮೂರ್ನಾಲ್ಕು ಸಲ ಇಳೀತಾನೆ. ದೂರದೇಶದ ಹಾರಾಟ ಹಾಗಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಾಗ ನಾಲ್ವರು ಮಹಿಳಾ ಪೈಲಟ್‌ಗಳಿದ್ದರು ಅಂತ ಪೇಪರಿನಲ್ಲಿ ಓದಿರುತ್ತೀಯ. ಅಷ್ಟು ದೂರಕ್ಕೆ ನಾಲ್ವರು ಬೇಕೇ ಬೇಕು, ಸರದಿಯಲ್ಲಿ ಮಲಗೋಕೆ. ಆದರೆ ಇಳಿಸೋದು ಒಬ್ಬರೇ ಅಲ್ವಾ? ಒಂದು ಲ್ಯಾಂಡಿಂಗ್, ನಾಲ್ಕು ಜನ. ಅದರ ಮೇಲೆ ಸ್ಟ್ಯಾಂಡ್‌ಬೈ ತಿಂಗಳು ಬಂದು ಕರೆಯೇ ಬರದಿದ್ದರೆ 90 ದಿನ ಕಳೆದದ್ದೇ ಗೊತ್ತಾಗಲ್ಲ. ಆಗ ಸಿಮ್ಯುಲೇಟರ್‌ಗೆ, ಅಂದರೆ ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರಕ್ಕೆ, ಹೋಗಿ ಲೆಕ್ಕ ತುಂಬಿಸಿಕೊಂಡು ಬರಬೇಕು. ನಿಯಮಕ್ಕೆ ಅದು ಸಾಕು. ಕೈಗೆ ಮಾತ್ರ ಸಾಕಾಗಲ್ಲ, ನಿಜವಾದ ಗಾಳಿಯಲ್ಲಿ ನಿಜವಾದ ರನ್‌ವೇ ಮೇಲೆ ಇಳಿಸಿದ ಹಾಗೆ ಆಗಲ್ಲ ಅದು. ಮುಂದೆ ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1,500 ಗಂಟೆ ಬೇಕು. ಮೊದಲು ಚಿಕ್ಕ ವಿಮಾನದಲ್ಲಿ ಚೆನ್ನಾಗಿ ಗಂಟೆ ಹಾಕು, ಫಾರಿನ್ ಎಲ್ಲೂ ಓಡಿಹೋಗಲ್ಲ.

ಸ್ಟ್ಯಾಂಡ್‌ಬೈ ದಿನ ಗೆಳೆಯನ ಮದುವೆಗೆ ಹೋಗಿ ಒಂದೇ ಒಂದು ಬಿಯರ್ ಕುಡಿದರೆ ಏನಾಗುತ್ತದೆ? ಹೇಗೂ ಕರೆಯೋದು ಗ್ಯಾರಂಟಿ ಇಲ್ಲವಲ್ಲ.
— ಶಹಾಪುರದಿಂದ ಒಬ್ಬರು

ಬೇಡ. ನಮ್ಮ ದೇಶದಲ್ಲಿ ಹಾರುವ ಮುಂಚೆ ಹನ್ನೆರಡು ಗಂಟೆ ಕಾಲ ಮದ್ಯ ಮುಟ್ಟೋ ಹಾಗಿಲ್ಲ, ಊದಿಸುವ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಮೂರು ತಿಂಗಳು ಅಮಾನತು, ಎರಡನೆಯ ಸಲ ಮೂರು ವರ್ಷ. ಬಿಯರ್ ಅಷ್ಟೇ ಅಲ್ಲ, ಕೆಲವು ಕೆಮ್ಮಿನ ಸಿರಪ್ ಕೂಡ ಮುಟ್ಟಬಾರದು, ನೆಗಡಿ ಮಾತ್ರೆ ನಿದ್ದೆ ತರಿಸುತ್ತದೆ. ಕಂಪನಿ ಡಾಕ್ಟರನ್ನು ಕೇಳದೆ ಏನೂ ನುಂಗಬೇಡಿ. ಮದುವೆಗೆ ಹೋಗಿ, ಊಟ ಮಾಡಿ, ಅದೂ ಬೇಸ್ ಇರೋ ಊರಲ್ಲಿ ಆದರೆ ಮಾತ್ರ. ಕಾರಿನಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಹೋಗಿ.

ಮೊಮ್ಮಗನಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸ್ತೀನಿ. ಸೂಟ್‌ಕೇಸಿನಲ್ಲಿ ಹಾಕ್ಕೊಳೋ ಅಂದ್ರೆ ಬೇಡ ಅಂತಾನೆ.
— ಒಬ್ಬ ಅಜ್ಜಿ, ಚಿತ್ತಾಪುರ

ಅಜ್ಜೀ, ಅವನಿಗೆ ಯಾವ ದೇಶ ಅಂತ ಗೊತ್ತಿಲ್ಲ ನೋಡಿ. ಆಸ್ಟ್ರೇಲಿಯಾದಲ್ಲಿ ತಿನ್ನೋ ಪದಾರ್ಥ ತಂದಿದ್ದೇನೆ ಅಂತ ಬರೆದುಕೊಡದೆ ಒಳಗೆ ಹೋದರೆ ಪೈಲಟ್‌ಗೂ ದಂಡ ಹಾಕ್ತಾರೆ. ಮನೆಯಲ್ಲಿ ಡಬ್ಬಿ ತುಂಬಿ ಇಟ್ಟಿರಲಿ. ಸ್ಟ್ಯಾಂಡ್‌ಬೈ ದಿನ ಒಲೆ ಹಚ್ಚೋ ಬೇಜಾರಲ್ಲಿ ಅದೇ ಅವನ ಊಟ. ನನ್ನದೂ ಅದೇ.

ಮನೆಯವರು ಸ್ಟ್ಯಾಂಡ್‌ಬೈ ಇದ್ದ ದಿನ ಮನೆಯಲ್ಲೇ ಇರ್ತಾರೆ, ಆದರೆ ಇದ್ದೂ ಇಲ್ಲದ ಹಾಗೆ. ಸಣ್ಣ ಮಾತಿಗೂ ಸಿಡುಕು. ಮಕ್ಕಳು ಅಪ್ಪ ಇದ್ದಾರೆ ಅಂತ ಕುಣೀತಾರೆ, ಇವರು ಬಾಗಿಲು ಹಾಕ್ಕೊಂಡು ಮಲಗ್ತಾರೆ. ರಜೆ ಇದ್ದಾಗ ಒಳ್ಳೆಯ ಮನುಷ್ಯ. ಇದಕ್ಕೇನು ಮಾಡಲಿ?
— ಪೈಲಟ್ ಒಬ್ಬರ ಹೆಂಡತಿ, ಊರು ಕಲಬುರಗಿ, ಈಗ ಮುಂಬೈ

ಅಕ್ಕಾ, ನಮ್ಮ ಮನೆಯಲ್ಲಿ ಸಿಡುಕೋದು ನಾನು, ಕೇಳಿಸಿಕೊಳ್ಳೋದು ಯಜಮಾನರು. ಹಾಗಾಗಿ ಆ ಕಡೆಯಿಂದ ಹೇಳ್ತೀನಿ. ಹಾರಾಟದ ದಿನ ತಲೆಯಲ್ಲಿ ಒಂದು ದಾರಿ ಇರುತ್ತದೆ, ಹೊರಡೋ ಹೊತ್ತು ಗೊತ್ತಿರುತ್ತದೆ. ಸ್ಟ್ಯಾಂಡ್‌ಬೈ ದಿನ ಏನೂ ಗೊತ್ತಿರಲ್ಲ. ಸ್ನಾನಕ್ಕೆ ಹೋಗುವಾಗಲೂ ಫೋನ್ ಬಕೆಟ್ ಪಕ್ಕದಲ್ಲಿ. ಕರೆ ಬಂದರೆ ನಾಲ್ಕು ದಿನ ಮನೆ ಇಲ್ಲ, ಬರದಿದ್ದರೆ ಇಡೀ ದಿನ ವ್ಯರ್ಥ ಅನ್ನಿಸುತ್ತದೆ. ಇದು ನಿಮ್ಮ ಮೇಲಿನ ಸಿಟ್ಟಲ್ಲ. ಹಾಗಂತ ನೀವು ನುಂಗಿಕೊಂಡು ಕೂರಬೇಕು ಅಂತಲೂ ನಾನು ಹೇಳಲ್ಲ.

ನಮ್ಮಲ್ಲಿ ನಡೆಯೋದು ಹೀಗೆ. ಕ್ಯಾಲೆಂಡರಿನಲ್ಲಿ ಸ್ಟ್ಯಾಂಡ್‌ಬೈ ದಿನವನ್ನು ಹಾರಾಟದ ದಿನದ ಬಣ್ಣದಲ್ಲೇ ಬರೀತೀವಿ. ಮಕ್ಕಳಿಗೆ ‘ಅಮ್ಮ ಇವತ್ತು ಇಲ್ಲ’ ಅಂತಲೇ ಹೇಳಿರ್ತೀವಿ. ಇದ್ದರೆ ಲಾಭ, ಇಲ್ಲದಿದ್ದರೆ ಯಾರೂ ಅಳಲ್ಲ. ಬ್ಯಾಂಕು, ಪೇರೆಂಟ್ಸ್ ಮೀಟಿಂಗ್, ಗ್ಯಾಸ್ ಸಿಲಿಂಡರ್ ಯಾವುದನ್ನೂ ಆ ದಿನಕ್ಕೆ ಇಟ್ಟುಕೊಳ್ಳಲ್ಲ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿದ್ದೇವೆ, ಬಾಗಿಲ ಗಂಟೆಯ ಸ್ವಿಚ್ ಆ ದಿನ ಆಫ್. ಕೆಲಸದವರಿಗೂ ಗೊತ್ತು.

ನೀವು ಅವರಿಂದ ಒಂದನ್ನು ಕೇಳಿ ಪಡೆಯಬಹುದು. ಸ್ಟ್ಯಾಂಡ್‌ಬೈ ಹೊತ್ತು ಮುಗಿಯುವ ಗಂಟೆ ರೋಸ್ಟರಿನಲ್ಲಿ ಬರೆದಿರುತ್ತದೆ. ಸಂಜೆ ಆರಕ್ಕೆ ಮುಗಿಯುತ್ತದೆ ಅಂತಿಟ್ಟುಕೊಳ್ಳಿ. ಆರೂ ಒಂದಕ್ಕೆ ಫೋನ್ ಒಳಗಿಟ್ಟು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗೋದು ಅವರ ಕೆಲಸ, ಆ ಹೊತ್ತಿನಲ್ಲಿ ನೀವು ಮಲಗಿ. ಒಪ್ಪದಿದ್ದರೆ ನನಗೆ ಬರೆಯಿರಿ, ಅವರ ಜೊತೆ ನಾನೇ ಮಾತಾಡ್ತೀನಿ.